ಇನ್ನೂರು ರೂಪಾಯಿಯ ಬ್ಯಾಟರಿ, ಹತ್ತಾರು ಸಾವಿರದ ಮೈಕು

ಕಿವಿ ಮಿಷನ್ನು ನಮ್ಮ ಕಡೆ ಯಾರಿಗೂ ಹೊಸದಲ್ಲ. ಕೊಳ್ಳೇಗಾಲದ ಸಂತೆಯಲ್ಲಿ, ಹನೂರಿನ ಬಸ್ ನಿಲ್ದಾಣದಲ್ಲಿ, ಯಳಂದೂರಿನ ಬ್ಯಾಂಕಿನ ಸಾಲಿನಲ್ಲಿ ಅದನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡವರು ಕಣ್ಣಿಗೆ ಬೀಳುತ್ತಲೇ ಇರುತ್ತಾರೆ. ಅದಕ್ಕೊಂದು ಜೊತೆ ಇದೆ ಎಂಬುದು ಮಾತ್ರ ಬಹಳ ಜನಕ್ಕೆ ತಿಳಿಯದು. ಅದು ನಿಸ್ತಂತು ಮೈಕು. ಪೆನ್ನಿನ ಆಕಾರದ್ದೋ ಅಂಗಿಗೆ ಕಚ್ಚಿಸುವ ಬಿಲ್ಲೆಯಂಥದ್ದೋ ಆದ ಈ ಪುಟ್ಟ ಸಾಮಾನನ್ನು ಮಾತಾಡುವವರ ಎದೆಯ ಮೇಲೆ ಸಿಕ್ಕಿಸಿದರೆ ಸಾಕು, ಅವರ ದನಿ ರೇಡಿಯೊ ಅಲೆಯಾಗಿ ಹೊರಟು ಕೇಳುವವರ ಕಿವಿಯೊಳಗೇ ಇಳಿಯುತ್ತದೆ. ಬ್ಲೂಟೂತ್, ವೈಫೈ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಇಂದಿನ ಬಹುತೇಕ ಮೈಕುಗಳೂ ಕೆಲಸ ಮಾಡುತ್ತವೆ. ಫೋನಾಕ್ ಕಂಪನಿಯ ರೋಜರ್, ಓಟಿಕಾನ್‌ನ ಕನೆಕ್ಟ್‌ಕ್ಲಿಪ್, ರಿಸೌಂಡ್‌ನ ಮಲ್ಟಿ ಮೈಕ್ ಎಲ್ಲವೂ ಇದೇ ಜಾತಿಯವು.

ಕಿವಿಯಲ್ಲಿ ಒಂದು ಸಾಧನ ಇದ್ದಮೇಲೆ ಇನ್ನೊಂದು ಯಾಕೆ? ಮಿಷನ್ ಹಾಕಿಕೊಂಡವರ ಬಾಯಲ್ಲೇ ಇದಕ್ಕೆ ಉತ್ತರ ಇದೆ: 'ಕೇಳಿಸ್ತದ, ಅರ್ಥ ಆಗಲ್ಲ.' ಶ್ರವಣ ಸಾಧನ ತನ್ನ ಸುತ್ತಲಿನ ಸದ್ದನ್ನೆಲ್ಲ ಜೋರು ಮಾಡುತ್ತದೆ. ಎದುರಿಗೆ ಒಂದು ಮೀಟರಿನೊಳಗೆ ಕೂತು ಮಾತಾಡಿದರೆ ಅಡ್ಡಿಯಿಲ್ಲ. ದೂರ ಎರಡರಷ್ಟಾದಂತೆಲ್ಲ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರಿನಿಂದ ನಾಲ್ಕು ಮೀಟರಿಗೆ ಸರಿದರೆ 12 ಡೆಸಿಬಲ್ ಹೋಯಿತು. ಸುತ್ತಲಿನ ಗದ್ದಲವೋ ಇದ್ದಷ್ಟೇ ಇರುತ್ತದೆ. ಮೈಕು ಬಾಯಿಂದ ಒಂದು ಗೇಣು ಕೆಳಗೆ ಇದ್ದರೆ ಈ ಲೆಕ್ಕವೇ ತಿರುಗಿಬೀಳುತ್ತದೆ. ಮಾತು ಮುಂದೆ ಬರುತ್ತದೆ, ಗದ್ದಲ ಹಿಂದೆ ಸರಿಯುತ್ತದೆ.

ಇದರ ಬೆಲೆ ಗೊತ್ತಾಗುವುದು ಶಾಲೆಯ ಕೊಠಡಿಯಲ್ಲಿ. ಶೀಟಿನ ಮಾಡು, ಸುಣ್ಣ ಬಳಿದ ಬರಿಗೋಡೆ, ಮೇಲೆ ಕರಕರ ಎನ್ನುವ ಫ್ಯಾನು. ಮೂರನೇ ಬೆಂಚಿನಲ್ಲಿ ಕೂತ ಮಗುವಿಗೆ ಮೇಷ್ಟ್ರ ಮಾತಿನ ಜೊತೆ ಅದರ ಪ್ರತಿಧ್ವನಿಯೂ ಬಂದು ಕಲಸಿಹೋಗುತ್ತದೆ. ಮಳೆ ಬಂದರಂತೂ ಪಾಠವೇ ಇಲ್ಲ. ಕೊಳ್ಳೇಗಾಲದ ರೇಷ್ಮೆ ಮಗ್ಗಗಳ ನಡುವೆ ಕೂತು ಮಾತಾಡಬೇಕಾದ ವಯಸ್ಸಾದ ನೇಕಾರರಿಗೂ ಇದೇ ಕಷ್ಟ. ದೇವರ ಗುಡ್ಡರು ಕಂಸಾಳೆ ಹಿಡಿದು ಮಾದಪ್ಪನ ಕಥೆ ಹಾಡುವಾಗ ಕಂಚಿನ ತಾಳದ ಚೂಪು ಸದ್ದು ಕಿವಿ ಮಿಷನ್ನಿಗೆ ಮೊದಲು ನುಗ್ಗುತ್ತದೆ, ಹಾಡಿನ ಮಾತು ಅದರಡಿ ಮುಚ್ಚಿಹೋಗುತ್ತದೆ. ನನ್ನ ಸೋದರತ್ತೆಗೆ ಯಳಂದೂರಿನ ಮನೆಯ ಜಗಲಿಯಲ್ಲಿ ಹಾಡುವವರ ಅಂಗಿಗೆ ಮೈಕು ಸಿಕ್ಕಿಸಿದ ದಿನ, ಎಷ್ಟೋ ವರ್ಷದ ಮೇಲೆ ಕಥೆಯ ಮಾತು ಮಾತಾಗಿಯೇ ಕೇಳಿತು. ಅವತ್ತು ಅವರ ಮುಖ ನೋಡಿದವರಿಗೆ ಈ ಸಾಮಾನಿನ ಅಗತ್ಯ ವಿವರಿಸಬೇಕಿಲ್ಲ.

ಅದೇ ಮೈಕು ಮೂರನೇ ವರ್ಷಕ್ಕೆ ಕೈಕೊಟ್ಟಿತು. ಮೊದಮೊದಲು ಬೆಳಗಿನಿಂದ ಸಂಜೆವರೆಗೆ ಬರುತ್ತಿದ್ದ ಚಾರ್ಜು ಮಧ್ಯಾಹ್ನಕ್ಕೆ ಮುಗಿಯತೊಡಗಿತು. ಆಮೇಲೆ ಒಂದು ಗಂಟೆ, ಕೊನೆಗೆ ಹತ್ತೇ ನಿಮಿಷ. ಮೈಕಿನೊಳಗಿನ ಎಲೆಕ್ಟ್ರಾನಿಕ್ಸ್‌ಗೆ ಏನೂ ಆಗಿರಲಿಲ್ಲ. ಸತ್ತದ್ದು ಬ್ಯಾಟರಿ ಮಾತ್ರ.

ಒಂದು ಕಾಲದಲ್ಲಿ ಇದು ಸಮಸ್ಯೆಯೇ ಆಗಿರಲಿಲ್ಲ. ಹಳೆಯ ಶ್ರವಣ ಸಾಧನ ಜೇಬಿನಲ್ಲಿ ಇಡುವ ಪೆಟ್ಟಿಗೆ. ಅದರಿಂದ ಒಂದು ತಂತಿ ಕಿವಿಗೆ ಹೋಗುತ್ತಿತ್ತು. ಮಕ್ಕಳಿಗೆ ಬಟ್ಟೆಯ ಚೀಲ ಹೊಲಿದು ಎದೆಗೆ ಕಟ್ಟುತ್ತಿದ್ದರು. ನೋಡಲು ಚೆಂದ ಇರಲಿಲ್ಲ, ಬಟ್ಟೆ ಉಜ್ಜಿದ ಸದ್ದೂ ಕೇಳುತ್ತಿತ್ತು. ಆದರೆ ಅದಕ್ಕೆ ಬೇಕಾದದ್ದು ಪೆನ್ಸಿಲ್ ಸೆಲ್ಲು. ಹನೂರು ದಾಟಿ ರಾಮಾಪುರ, ಕೌದಳ್ಳಿಗೆ ಹೋದರೂ ಬೀಡಿ ಬೆಂಕಿಪೊಟ್ಟಣ ಮಾರುವ ಅಂಗಡಿಯಲ್ಲೇ ಅದು ಸಿಗುತ್ತಿತ್ತು. ಅಜ್ಜ ಕಾಸು ಕೊಟ್ಟು ಮೊಮ್ಮಗನನ್ನು ಓಡಿಸಿದರೆ ಐದು ನಿಮಿಷದಲ್ಲಿ ಕಿವಿ ವಾಪಸ್ಸು ಬರುತ್ತಿತ್ತು. ಮುಂದೆ ಕಿವಿ ಹಿಂದಿನ ಸಾಧನ ಬಂತು, ಅದರ ಜೊತೆ ಸತು–ಗಾಳಿ ಸೆಲ್ಲೂ ಬಂತು. 675 ನೀಲಿ ಚೀಟಿ, 13 ಕಿತ್ತಳೆ, 312 ಕಂದು, 10 ಹಳದಿ. ಈ ಬಣ್ಣದ ಗುರುತು ಜಗತ್ತಿನಲ್ಲೆಲ್ಲ ಒಂದೇ. ಚೀಟಿ ಕಿತ್ತ ಮೇಲೆ ಗಾಳಿ ಒಳಗೆ ಹೋಗಲು ಒಂದೆರಡು ನಿಮಿಷ ಬಿಟ್ಟು ಹಾಕಿದರಾಯಿತು. ಈ ಸೆಲ್ಲು ಎಲ್ಲ ಅಂಗಡಿಯಲ್ಲಿ ಸಿಗದು, ಆದರೂ ಒಂದು ಪಟ್ಟಿ ತಂದಿಟ್ಟುಕೊಂಡರೆ ಒಂದೆರಡು ತಿಂಗಳಿಗೆ ಚಿಂತೆ ಇಲ್ಲ.

ಮೈಕಿಗೆ ಈ ಗುಂಡಿ ಸೆಲ್ಲು ಸಾಲದು. ಕಿವಿಯ ಸಾಧನ ಕುಡಿಯುವ ವಿದ್ಯುತ್ತಿಗಿಂತ ಹಲವು ಪಟ್ಟು ಹೆಚ್ಚು ವಿದ್ಯುತ್ತು ರೇಡಿಯೊ ಅಲೆ ಹೊರಗೆ ಕಳಿಸಲು ಬೇಕು. ಅದಕ್ಕೇ ಅದರೊಳಗೆ ಮೊಬೈಲಿನಲ್ಲಿರುವಂಥ, ಅದಕ್ಕಿಂತ ಬಹಳ ಸಣ್ಣದಾದ ಲಿಥಿಯಂ ಪಾಲಿಮರ್ ಬ್ಯಾಟರಿ ಕೂರಿಸಿ ಮುಚ್ಚಿಬಿಡುತ್ತಾರೆ. ಇಂಥ ಬ್ಯಾಟರಿ ಸಾಮಾನ್ಯವಾಗಿ 300ರಿಂದ 500 ಸಲ ಪೂರ್ತಿ ಚಾರ್ಜ್ ಆಗಿ ಇಳಿಯುವ ಹೊತ್ತಿಗೆ ತನ್ನ ಶಕ್ತಿಯ ಐದನೇ ಒಂದು ಪಾಲು ಕಳೆದುಕೊಂಡಿರುತ್ತದೆ. ದಿನಾ ಬಳಸುವವರಿಗೆ ಅದು ಒಂದೆರಡು ವರ್ಷದ ಮಾತು. ನಮ್ಮ ಕಡೆಯ ಏಪ್ರಿಲ್ ಬಿಸಿಲು ಅದರ ಆಯಸ್ಸನ್ನು ಇನ್ನೂ ಕಡಿಮೆ ಮಾಡುತ್ತದೆ. ಶೀಟಿನ ಮನೆಯ ಕಿಟಕಿ ಮೇಲೆ ಚಾರ್ಜಿಗೆ ಇಟ್ಟು ಮರೆಯುವುದು, ಬೇಸಿಗೆ ರಜೆಯಲ್ಲಿ ಮಕ್ಕಳ ಮೈಕನ್ನು ಪೂರ್ತಿ ಖಾಲಿ ಮಾಡಿ ತಿಂಗಳುಗಟ್ಟಲೆ ಬೀರುವಿನಲ್ಲಿ ಇಡುವುದು, ಎರಡೂ ಅದಕ್ಕೆ ವಿಷ. ರಜೆಗೆ ಎತ್ತಿಡುವಾಗ ಅರ್ಧ ಚಾರ್ಜ್ ಇರಬೇಕು, ತಣ್ಣಗಿನ ಜಾಗದಲ್ಲಿರಬೇಕು. ಇಷ್ಟು ಮಾಡಿದರೆ ಒಂದು ವರ್ಷ ಹೆಚ್ಚಿಗೆ ಬಂದರೂ ಬಂತು.

ಬ್ಯಾಟರಿ ಸತ್ತ ಮೇಲೆ ಎಲ್ಲಿಗೆ ಹೋಗಬೇಕು? ಕೊಳ್ಳೇಗಾಲಕ್ಕೆ ರೈಲಿಲ್ಲ. ಮೈಸೂರಿಗೆ ಬಸ್ಸು ಹಿಡಿದರೆ ಟಿ. ನರಸೀಪುರದ ಮೇಲೆ 60 ಕಿಲೋಮೀಟರ್ ದಾಟುತ್ತದೆ. ಹನೂರಿನವರಿಗೆ ಅದರ ಮೇಲೆ ಇನ್ನೊಂದು 25. ಮಲೆ ಮಹದೇಶ್ವರ ಬೆಟ್ಟದಿಂದ ಮೈಸೂರು 150 ಕಿಲೋಮೀಟರ್ ಹತ್ತಿರ. ಬೆಟ್ಟದವರಿಗೆ ತಮಿಳುನಾಡಿನ ಮೆಟ್ಟೂರೇ ಹತ್ತಿರ. ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು, ಮತ್ತೆ 'ಮುಂದಿನ ವಾರ ಬನ್ನಿ' ಎಂಬ ಮಾತು. ಇಷ್ಟು ಆಗುವ ಹೊತ್ತಿಗೆ ಮೈಕು ಬೀರುವಿನ ಮೂಲೆ ಸೇರುತ್ತದೆ, ಮಗು ಮತ್ತೆ ಮೇಷ್ಟ್ರ ತುಟಿ ನೋಡಿ ಊಹಿಸಲು ಕಲಿಯುತ್ತದೆ.

ಹಾಗೆಂದು ನಮ್ಮ ಸೀಮೆಯನ್ನು ಯಾರೂ ಕೇಳಿಲ್ಲ ಎನ್ನುವಂತಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಜನರ ಬಾಯಲ್ಲಿ ಆಯಿಷ್, 1965ರಲ್ಲಿ ಶುರುವಾದದ್ದು. ಕಿವಿ ಪರೀಕ್ಷೆ, ಸಾಧನ ಕೊಡಿಸುವುದು, ಕಿವಿಯ ಅಚ್ಚು ತೆಗೆಯುವುದು, ಕೆಟ್ಟ ಸಾಧನ ರಿಪೇರಿ ಮಾಡುವುದು ಎಲ್ಲ ಅಲ್ಲಿ ಒಂದೇ ಆವರಣದಲ್ಲಿ ನಡೆಯುತ್ತದೆ. ಆ ಸಂಸ್ಥೆ ಹಳ್ಳಿಗಳ ಕಡೆ ಮುಖ ಮಾಡಿ ಹೊರಸೇವಾ ಕೇಂದ್ರಗಳನ್ನು ತೆರೆದಾಗ ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ, ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ಇವುಗಳ ಜೊತೆಗೆ ಆರಿಸಿಕೊಂಡದ್ದು ನಮ್ಮ ಯಳಂದೂರು ತಾಲ್ಲೂಕಿನ ಗುಂಬಳ್ಳಿಯನ್ನು. ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತನ್ನದೇ ಚರಿತ್ರೆ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಕೆಲಸ ಮಾಡಿದ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್‌ಗೆ ಸರ್ಕಾರ 1996ರಲ್ಲಿ ಆ ಕೇಂದ್ರದ ನಿರ್ವಹಣೆ ಒಪ್ಪಿಸಿತು. ಅದಕ್ಕೂ ಮೊದಲು ಆ ಟ್ರಸ್ಟ್ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗದ ವಿರುದ್ಧ ಮನೆಮನೆ ಸುತ್ತಿತ್ತು. ದೊಡ್ಡ ಊರಿನ ತಜ್ಞತೆಯನ್ನು ಹಳ್ಳಿಯ ಆಸ್ಪತ್ರೆಗೆ ತಂದು ಕೂರಿಸಬಹುದು ಎಂಬುದಕ್ಕೆ ಗುಂಬಳ್ಳಿಗಿಂತ ಹತ್ತಿರದ ಸಾಕ್ಷಿ ನಮಗೆ ಬೇಕಿಲ್ಲ.

ನಮ್ಮ ಅತ್ತೆಯ ಮೈಕಿನ ಕಥೆಗೆ ಬರುತ್ತೇನೆ. ಮಾರಿದವರಿಗೆ ಫೋನ್ ಮಾಡಿದರೆ ಬಂದ ಉತ್ತರ ಸರಳ: ವಾರಂಟಿ ಮುಗಿದಿದೆ, ಬ್ಯಾಟರಿ ಮಾತ್ರ ಬದಲಿಸುವುದಿಲ್ಲ, ಹೊಸ ಮೈಕು ತಗೊಳ್ಳಿ. ಹೊಸದಕ್ಕೆ ಹತ್ತಾರು ಸಾವಿರ. ಒಳಗಿರುವ ಬ್ಯಾಟರಿಯಂಥದ್ದು ಬಿಡಿಯಾಗಿ ಕೊಂಡರೆ ಇನ್ನೂರು–ಮುನ್ನೂರು ರೂಪಾಯಿ. ಕೊಳ್ಳೇಗಾಲದ ಮೊಬೈಲ್ ರಿಪೇರಿ ಅಂಗಡಿಯ ಒಬ್ಬ ಹುಡುಗ, ಬ್ಲೂಟೂತ್ ನೆಕ್‌ಬ್ಯಾಂಡುಗಳನ್ನು ದಿನವೂ ಬಿಚ್ಚಿ ಕೂಡಿಸುವವನು, 'ಇದೂ ಅದೇ ಸಾ, ಬುಡಿ ನೋಡುವ' ಎಂದ. ಬಿಚ್ಚಿದರೆ ವಾರಂಟಿ ಹೋಗುತ್ತದೆ ಎಂಬ ಭಯ ಉಳಿದಿರಲಿಲ್ಲ. ಆದರೂ ಪಕ್ಕದಲ್ಲೇ ಕೂತು ಪ್ರತಿ ಹೆಜ್ಜೆ ನೋಡಿದೆ.

ಅವನು ಬಿಚ್ಚುವ ಮುಂಚೆ ಚಾರ್ಜರ್ ಬದಲಿಸಿದ, ಕೇಬಲ್ ಬದಲಿಸಿದ, ಚಾರ್ಜಿಂಗ್ ಕಿಂಡಿಯಲ್ಲಿ ಕೂತಿದ್ದ ಧೂಳನ್ನು ಮರದ ಕಡ್ಡಿಯಿಂದ ತೆಗೆದ. ಬ್ಯಾಟರಿ ಹೋಗಿದೆ ಎಂದು ತಂದ ಎಷ್ಟೋ ಸಾಮಾನು ಇಷ್ಟಕ್ಕೇ ಸರಿಹೋಗುತ್ತವಂತೆ. ನಮ್ಮದು ಸರಿಹೋಗಲಿಲ್ಲ. ಕವಚಕ್ಕೆ ಸ್ಕ್ರೂ ಇರಲಿಲ್ಲ, ಎರಡು ಹೋಳು ಗೋಂದಿನಲ್ಲಿ ಕಚ್ಚಿದ್ದವು. ಬಿಸಿಗಾಳಿಯನ್ನು ದೂರದಿಂದ ಸ್ವಲ್ಪ ಹೊತ್ತು ಆಡಿಸಿ ಅಂಚು ಮೆತ್ತಗಾದ ಮೇಲೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸಂದಿಗೆ ತೂರಿಸಿದ. ಇಲ್ಲಿ ಚಾಕು, ಬ್ಲೇಡು ಹಾಕಬಾರದು. ಕವಚದ ಗೋಡೆಯ ಹಿಂದೆಯೇ ಬ್ಯಾಟರಿಯ ಬೆಳ್ಳಿಬಣ್ಣದ ಚೀಲ ಒರಗಿರುತ್ತದೆ. ಅದಕ್ಕೆ ಲೋಹದ ಮೊನೆ ತಾಗಿ ತೂತಾದರೆ ಬೆಂಕಿ, ಹೊಗೆ ಎರಡೂ ಏಳಬಹುದು.

ಕವಚ ತೆರೆದಾಗ ಬ್ಯಾಟರಿ ಹಪ್ಪಳದಂತೆ ಉಬ್ಬಿತ್ತು. 'ಊದ್ಕಂಡದ ನೋಡಿ' ಎಂದು ತೋರಿಸಿದ. ಒಳಗಿನ ದ್ರಾವಣ ಒಡೆದು ಅನಿಲವಾದಾಗ ಹೀಗಾಗುತ್ತದೆ. ಊದಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಇನ್ನೊಮ್ಮೆ ಚಾರ್ಜಿಗೆ ಹಾಕಲೇಬಾರದು. ಅದರ ಮೇಲೆ 401230 ಎಂದು ಅಚ್ಚಾಗಿತ್ತು. ಇದು ಅಳತೆ: ದಪ್ಪ 4.0 ಮಿಲಿಮೀಟರ್, ಅಗಲ 12, ಉದ್ದ 30. ಊದಿದ್ದನ್ನು ಅಳೆದು ಹೊಸದು ತಂದರೆ ಕವಚ ಮುಚ್ಚದು. ಹಾಗಾಗಿ ಅಚ್ಚಾದ ಅಂಕಿಯನ್ನೇ ನಂಬಬೇಕು. ಪಕ್ಕದಲ್ಲಿ 3.7 ವೋಲ್ಟ್ ಎಂದಿತ್ತು. ಇಂಥದ್ದು ತುಂಬಿದಾಗ 4.2 ವೋಲ್ಟ್ ಮುಟ್ಟುತ್ತದೆ. 4.35 ವೋಲ್ಟಿಗೆ ತುಂಬುವ ಬೇರೊಂದು ಜಾತಿಯೂ ಮಾರುಕಟ್ಟೆಯಲ್ಲಿದೆ, ಎರಡನ್ನೂ ಕಲೆಸಬಾರದು.

ನನಗೆ ಹೊಸದಾಗಿ ಕಂಡದ್ದು ತಂತಿಗಳು. ಎರಡು ಇರಬೇಕಾದಲ್ಲಿ ಮೂರು ಇದ್ದವು. ಕೆಂಪು, ಕಪ್ಪು, ಜೊತೆಗೆ ಕೂದಲಿನಷ್ಟು ತೆಳ್ಳನೆಯ ಬಿಳಿ ತಂತಿ. ಆ ಮೂರನೆಯದು ಉಷ್ಣತೆ ಅಳೆಯುವ ಥರ್ಮಿಸ್ಟರಿನದು. ಬ್ಯಾಟರಿ ಬಿಸಿಯಾದರೆ ಮೈಕು ತಾನಾಗಿ ಚಾರ್ಜ್ ನಿಲ್ಲಿಸಲು ಅದು ಬೇಕು. ಹುಡುಗ ಮಲ್ಟಿಮೀಟರಿನ ಕಡ್ಡಿಗಳನ್ನು ಬಿಳಿ ಮತ್ತು ಕಪ್ಪು ತಂತಿಗೆ ಇಟ್ಟ. 10 ಕಿಲೋ ಓಮ್‌ಗೆ ಹತ್ತಿರದ ಅಂಕಿ ಬಂತು. ಬೆರಳಿನಿಂದ ಹಿಡಿದು ಬಿಸಿ ಮಾಡಿದಂತೆ ಅಂಕಿ ನಿಧಾನ ಇಳಿಯಿತು. ಎರಡೇ ತಂತಿಯ ಬ್ಯಾಟರಿ ತಂದು ಹಾಕಿದ್ದರೆ ಮೈಕು ಚಾರ್ಜ್ ತೆಗೆದುಕೊಳ್ಳಲು ಒಪ್ಪುತ್ತಿರಲಿಲ್ಲ, ನಾವು ಬೋರ್ಡೇ ಹೋಯಿತೆಂದು ಕೈಬಿಡುತ್ತಿದ್ದೆವು. ಕೆಲವರು ಅಲ್ಲಿಗೆ ಒಂದು ರೆಸಿಸ್ಟರ್ ಬೆಸೆದು ಮೈಕನ್ನು ನಂಬಿಸುತ್ತಾರೆ. ನನ್ನ ಮಟ್ಟಿಗೆ ಅದು ತಪ್ಪು. ಮಾತಾಡುವವರ ಎದೆಯ ಮೇಲೆ ಇಡೀ ದಿನ ಕೂರುವ ಸಾಮಾನಿನ ಕಾವಲನ್ನು ಕಿತ್ತು ಹಾಕಬಾರದು.

ಹೊಸ ಬ್ಯಾಟರಿ ಬೆಂಗಳೂರಿನಿಂದ ತರಿಸಿದ್ದಾಯಿತು. ಮೂರು ತಂತಿ, ಅದೇ ಅಳತೆ, ತಲೆಯ ಮೇಲೆ ಹಳದಿ ಟೇಪಿನಡಿ ಸಣ್ಣ ರಕ್ಷಣಾ ಬೋರ್ಡು. ಹಳೆಯದರ ತಂತಿಗಳನ್ನು ಒಂದೊಂದಾಗಿ ಬಿಡಿಸಿ, ಬಿಡಿಸಿದ ತುದಿಗೆ ತಕ್ಷಣ ಟೇಪು ಸುತ್ತಿದ. ಕೆಂಪು, ಕಪ್ಪು ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕತ್ತರಿಯ ಲೋಹವೇ ಸೇತುವೆಯಾಗಿ ಶಾರ್ಟ್ ಆಗುತ್ತದೆ. ಹೊಸದರ ಬಣ್ಣವನ್ನೂ ಅವನು ನಂಬಲಿಲ್ಲ, ಮೀಟರಿಟ್ಟು ಧನ–ಋಣ ಖಚಿತ ಮಾಡಿಕೊಂಡ ಮೇಲೆಯೇ ಬೆಸೆದ. ಬೆಸುಗೆಯ ಬಿಸಿ ಬೋರ್ಡಿನ ಬಿಂದುವಿಗೆ ಮಾತ್ರ ತಾಗಬೇಕು, ಬ್ಯಾಟರಿಯ ಮೈಗೆ ತಾಗಬಾರದು.

ಮುಚ್ಚುವ ಮುಂಚೆ ಅವನು ಮಾಡಿದ ಒಂದು ಕೆಲಸ ಮೈಕಿಗೆ ತೀರಾ ಮುಖ್ಯವಾದದ್ದು. ಬ್ಯಾಟರಿಯನ್ನು ಸುಮ್ಮನೆ ಗೂಡಿನಲ್ಲಿ ಇಟ್ಟು ಮೈಕು ಹಾಕಿ ನೋಡಿದರೆ ಅತ್ತೆಗೆ ಟಕ್ ಟಕ್ ಎಂದು ಕೇಳುತ್ತಿತ್ತು. ಸಡಿಲ ಬ್ಯಾಟರಿ ಕವಚಕ್ಕೆ ಬಡಿಯುವ ಸದ್ದನ್ನು ಮೈಕು ಹಿಡಿದು ಕಿವಿಗೆ ಕಳಿಸುತ್ತಿತ್ತು. ಎರಡು ಬದಿ ಅಂಟುವ ತೆಳು ಟೇಪಿನಲ್ಲಿ ಅದನ್ನು ಕೂರಿಸಿದ ಮೇಲೆ ನಿಂತಿತು. ಆಂಟೆನಾ ಇರುವ ಕಡೆಗೆ ತಂತಿ ಬರದಂತೆ, ಮೈಕಿನ ಜಾಲರಿಗೆ ಗೋಂದು ಮೆತ್ತದಂತೆ ನೋಡಿಕೊಂಡ. ಮೊದಲ ಚಾರ್ಜು ನೆಲದ ಟೈಲ್ಸಿನ ಮೇಲೆ, ಎಲ್ಲರ ಕಣ್ಣೆದುರಿಗೆ. ಕಿವಿಯ ಸಾಧನದ ಜೊತೆಗಿನ ಜೋಡಣೆ ಅಳಿದಿರಲಿಲ್ಲ, ಅದು ಬ್ಯಾಟರಿ ಇಲ್ಲದೆಯೂ ನೆನಪಿನಲ್ಲಿ ಉಳಿಯುವಂಥದ್ದು. ಮೈಕು ಮತ್ತೆ ಸಂಜೆವರೆಗೆ ನಡೆಯಿತು. ಒಂದೇ ನಷ್ಟ: ಬೆವರು, ತುಂತುರು ಒಳಗೆ ಹೋಗದಂತೆ ಕಂಪನಿ ಹಾಕಿದ್ದ ಬಿಗಿ ಮುಚ್ಚಳ ಈಗ ಮೊದಲಿನಷ್ಟು ಬಿಗಿಯಿಲ್ಲ. ಮಳೆಯಲ್ಲಿ ಜೋಪಾನ.

ಇದನ್ನು ಓದಿ ಮನೆಯಲ್ಲೇ ಚಾಕು ಹಿಡಿದು ಕೂರಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಬೆಸುಗೆ ಬಲ್ಲವರು, ಲಿಥಿಯಂ ಬ್ಯಾಟರಿ ಬದಲಿಸಿ ಅಭ್ಯಾಸ ಇರುವವರು ಮಾಡಬೇಕಾದ ಕೆಲಸ ಇದು. ಕಿವಿಯೊಳಗೆ ಕೂರುವ ರೀಚಾರ್ಜಬಲ್ ಸಾಧನದ ಬ್ಯಾಟರಿಯಂತೂ ಅಂಗಡಿಯಲ್ಲಿ ಬದಲಿಸುವಂಥದ್ದಲ್ಲ, ಅದು ತಯಾರಕರಿಗೇ ಹೋಗಬೇಕು. ಹಳೆಯ ನೆಕ್‌ಬ್ಯಾಂಡಿನಿಂದ ಕಿತ್ತ ಬ್ಯಾಟರಿಯನ್ನು 'ಚೆನ್ನಾಗದೆ' ಎಂದು ಹಾಕಿಸಿಕೊಳ್ಳಬೇಡಿ. ಕಿತ್ತ ಹಳೆಯದನ್ನು ತಿಪ್ಪೆಗೂ ಎಸೆಯಬೇಡಿ, ಒಲೆಗೂ ಹಾಕಬೇಡಿ. ಮರಳು ತುಂಬಿದ ಡಬ್ಬಿಯಲ್ಲಿಟ್ಟು ಇ–ತ್ಯಾಜ್ಯ ಪಡೆಯುವವರಿಗೆ ಕೊಡಿ. ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ಉತ್ಪಾದಕರದ್ದೇ ಎಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ.

ಇಷ್ಟೆಲ್ಲ ಯಾಕೆ ಕಷ್ಟವಾಗಬೇಕು ಎಂಬುದೇ ನನ್ನ ಪ್ರಶ್ನೆ. ಮೈಕಿಗೆ ಎರಡು ಸ್ಕ್ರೂ, ಒಂದು ಸಣ್ಣ ಕನೆಕ್ಟರ್ ಇಟ್ಟಿದ್ದರೆ ಗೋಂದೂ ಬೇಡ, ಬೆಸುಗೆಯೂ ಬೇಡ. ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಬ್ಯಾಟರಿ ಕಾನೂನಿನ ಪ್ರಕಾರ 2027ರ ಫೆಬ್ರುವರಿ 18ರಿಂದ ಅಲ್ಲಿ ಮಾರುವ ಸಾಧನಗಳ ಸಣ್ಣ ಬ್ಯಾಟರಿಯನ್ನು, ಕೆಲವು ವಿನಾಯಿತಿ ಬಿಟ್ಟರೆ, ಬಳಸುವವರೇ ತೆಗೆದು ಹಾಕುವಂತಿರಬೇಕು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಚೌಕಟ್ಟಿಗೆ ಆರಿಸಿಕೊಂಡದ್ದು ನಾಲ್ಕು ಕ್ಷೇತ್ರ: ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹಬಳಕೆಯ ಯಂತ್ರಗಳು, ವಾಹನ. ಟ್ರ್ಯಾಕ್ಟರಿಗೆ, ಫ್ರಿಜ್ಜಿಗೆ ಹಕ್ಕು ಕೇಳಿದ ಹೊತ್ತಿನಲ್ಲಿ ಕಿವಿಯ ಸಾಧನಕ್ಕೆ ಪ್ರತ್ಯೇಕವಾಗಿ ಯಾರೂ ಕೇಳಲಿಲ್ಲ. ಕೇಳಬೇಕಿತ್ತು. ಫ್ರಿಜ್ಜು ನಿಂತರೆ ಹಾಲು ಕೆಡುತ್ತದೆ, ಮೈಕು ನಿಂತರೆ ಮಗುವಿನ ಒಂದು ವರ್ಷದ ಪಾಠ ಹೋಗುತ್ತದೆ.

ಸರ್ಕಾರ ಕೊಡುವುದರಲ್ಲಿ ಹಿಂದೆ ಬಿದ್ದಿಲ್ಲ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆ 1981ರಿಂದ ಇದೆ. ಶಿಬಿರ ನಡೆಯುತ್ತದೆ, ಫೋಟೊ ತೆಗೆಯುತ್ತಾರೆ, ಸಾಧನ ಕೈಗೆ ಬರುತ್ತದೆ. ಕೊಟ್ಟ ಸಾಧನ ಮೂರನೇ ವರ್ಷ ಏನಾಯಿತು ಎಂದು ಕೇಳುವವರು ಊರಲ್ಲಿ ಇರಬೇಕು. ಗುಂಬಳ್ಳಿಯಂಥ ಕಡೆ, ಕೊಳ್ಳೇಗಾಲ ಮತ್ತು ಹನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ತಿಂಗಳಿಗೊಂದು ದಿನ ಬ್ಯಾಟರಿ ಪರೀಕ್ಷೆ ಇಟ್ಟುಕೊಂಡರೆ ಅದಕ್ಕೆ ಬೇಕಾದದ್ದು ಒಂದು ಮೇಜು, ಒಂದು ಮಲ್ಟಿಮೀಟರು, ಸಾಮಾನ್ಯ ಅಳತೆಯ ಒಂದಷ್ಟು ಬ್ಯಾಟರಿ, ತರಬೇತಿ ಪಡೆದ ಒಬ್ಬ ಹುಡುಗ ಅಥವಾ ಹುಡುಗಿ. ನಮ್ಮ ಐಟಿಐಗಳಲ್ಲಿ ಎಲೆಕ್ಟ್ರಾನಿಕ್ಸ್ ಕಲಿತವರು ಕೆಲಸಕ್ಕಾಗಿ ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ. ಅವರಲ್ಲಿ ತಾಲ್ಲೂಕಿಗೆ ಇಬ್ಬರನ್ನು ಆಯಿಷ್‌ನಲ್ಲಿ ಕೆಲವು ವಾರ ಕೂರಿಸಿ ಕಲಿಸಿ ಕಳಿಸಿದರೆ ಮೂರೂ ತಾಲ್ಲೂಕಿಗೆ ಸಾಕು. ಶಾಸಕರ ನಿಧಿಯಿಂದಲೂ ಆಗುವ ಕೆಲಸ ಇದು.

ಅಲ್ಲಿಯವರೆಗೆ, ಮಗುವಿಗೋ ಹಿರಿಯರಿಗೋ ಮೈಕು ಕೊಳ್ಳುವವರು ದುಡ್ಡು ಕೊಡುವ ಮುಂಚೆ ಮಾರುವವರನ್ನು ಕೇಳಿ: ಬ್ಯಾಟರಿ ಎಷ್ಟು ವರ್ಷ ಬರುತ್ತದೆ, ಹೋದರೆ ಬದಲಿಸಿಕೊಡುತ್ತೀರಾ, ಎಷ್ಟಾಗುತ್ತದೆ. ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳಿ. ಬರೆದುಕೊಡಲು ಒಪ್ಪದವರ ಮೈಕನ್ನು ಕೊಳ್ಳಬೇಡಿ.